ಹೊಸ ಗಾಡಿ, ಮೂರು ಸಲ ಸರ್ವಿಸ್ ಸೆಂಟರ್, ನಡುಕ ಮಾತ್ರ ಹಾಗೇ ಇದೆ

ಹೊಸಗಾಡಿ ಹಳೇತಲೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿ ತಗೊಂಡು ಐದು ತಿಂಗಳಾಯಿತು. ಪೆಟ್ರೋಲ್, ನಾಲ್ಕು ಸಿಲಿಂಡರ್, ಮ್ಯಾನುವಲ್ ಗೇರ್, ಮುಂದಿನ ಚಕ್ರಗಳಿಗೆ ಡ್ರೈವ್. ಓಡಿರುವುದು 4,200 ಕಿಲೋಮೀಟರ್. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಕಂಪನಿ ಪರ, ಅರ್ಧ ಜನ ವಿರೋಧ ಅಂತ ಶುರುವಾಗುತ್ತೆ, ನನ್ನ ಗಾಡಿ ಮಧ್ಯದಲ್ಲಿ ನಡುಗುತ್ತಾ ನಿಂತಿರುತ್ತೆ.

ತೊಂದರೆ ಇಷ್ಟೇ. ವೇಗ ಗಂಟೆಗೆ 85 ಕಿಲೋಮೀಟರ್ ದಾಟಿದ ಮೇಲೆ ಒಂದು ನಡುಕ ಬರುತ್ತದೆ. 90ರಲ್ಲಿ ಜೋರು. 105ರ ಹೊತ್ತಿಗೆ ಕಡಿಮೆಯಾಗುತ್ತದೆ. ಮೊದಲು ಗೊತ್ತಾಗಿದ್ದು ನನಗಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ. "ನಿಮ್ಮ ಫೋನ್ ವೈಬ್ರೇಟ್ ಆಗ್ತಿದೆ ನೋಡ್ರಿ" ಅಂದಳು. ಫೋನು ಮನೆಯಲ್ಲೇ ಮರೆತು ಬಂದಿದ್ದೆ.

ಮೊದಲನೇ ಸಲ ಸರ್ವಿಸ್ ಸೆಂಟರ್‌ಗೆ ಹೋದಾಗ ವೀಲ್ ಬ್ಯಾಲೆನ್ಸಿಂಗ್ ಮಾಡಿದರು, ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡುವುದು. ಎರಡನೇ ಸಲ ಮತ್ತೆ ಬ್ಯಾಲೆನ್ಸಿಂಗ್, ಜೊತೆಗೆ ಅಲೈನ್‌ಮೆಂಟ್. ಮೂರನೇ ಸಲ ಚಕ್ರಗಳನ್ನು ಹಿಂದೆ ಮುಂದೆ ಬದಲಿಸಿ, ಒಂದು ರೌಂಡ್ ಟ್ರಯಲ್ ನೋಡಿ, "ಈ ಮಾಡೆಲ್ಲೇ ಹೀಗೆ ಸರ್" ಅಂದರು. ಜಾಬ್ ಕಾರ್ಡಿನಲ್ಲಿ (ದೂರು, ಮಾಡಿದ ಕೆಲಸ ಬರೆದು ಕೊಡುವ ಕಾಗದ) ಬರೆದಿದ್ದು "ಸಮಸ್ಯೆ ಕಂಡುಬಂದಿಲ್ಲ".

ಇನ್ನೊಂದು ಚಿಕ್ಕ ತೊಂದರೆಯೂ ಇದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ರಿವರ್ಸ್ ಹಾಕಿ ಬಿಟ್ಟರೆ ಒಂದೇ ಒಂದು ಸಲ "ಟಕ್" ಅನ್ನುತ್ತದೆ. ಅದು ಆಮೇಲೆ ನೋಡೋಣ. ಈಗ ಈ ನಡುಕಕ್ಕೆ ಏನು ಮಾಡಲಿ?

ಸ್ಟೆಪ್ನಿ:

ಮಾರಿಬಿಡಿ ಗುರು. ಐದು ತಿಂಗಳಲ್ಲೇ ನಡುಗುವ ಗಾಡಿ ಐದು ವರ್ಷಕ್ಕೆ ಕುಣಿಯುತ್ತೆ.

ಗ್ರೀಸ್ ಕೈ:

ಮಾರುವ ಮಾತು ಕೊನೆಗಿರಲಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಬರೆದಿರುವುದರಲ್ಲಿ ನನಗೆ ಬೇಕಾದ್ದು ಒಂದೂ ಇಲ್ಲ. ಕೋಪ ಮಾಡಿಕೊಳ್ಳಬೇಡಿ. ಮೂರು ಪ್ರಶ್ನೆಗೆ ಉತ್ತರ ಕೊಡಿ.

ನಡುಕ ಸ್ಟೀರಿಂಗ್‌ನಲ್ಲಾ, ಸೀಟಿನಲ್ಲಾ? ಮುಂದಿನ ಚಕ್ರದ ತೊಂದರೆ ಸಾಮಾನ್ಯವಾಗಿ ಕೈಗೆ ಗೊತ್ತಾಗುತ್ತೆ. ಹಿಂದಿನದು ಕೂತ ಜಾಗಕ್ಕೆ.

90ರಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ನಡುಕ ಇರುತ್ತಾ, ಹೋಗುತ್ತಾ? ಕ್ಲಚ್ ಒತ್ತಿ ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಟ್ಟರೆ? ಖಾಲಿ ರಸ್ತೆಯಲ್ಲಿ ಮಾತ್ರ ನೋಡಿ. ಎಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಸ್ಟೀರಿಂಗ್ ಬಿಗಿಯಾಗುತ್ತೆ, ಬ್ರೇಕಿನ ಬೂಸ್ಟರ್ ಸಹಾಯವೂ ಬೇಗ ಮುಗಿಯುತ್ತೆ.

ಮೂರನೆಯದು, ನಿಂತ ಗಾಡಿಯಲ್ಲಿ ಅದೇ ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ರೇಸ್ ಕೊಟ್ಟರೆ ಬರುತ್ತಾ?

ಈ ಮೂರು ಗೊತ್ತಾದರೆ ಅರ್ಧ ಗಾಡಿಯನ್ನು ಲೆಕ್ಕದಿಂದ ಬಿಡಬಹುದು.

ನಿಧಾನಸ್ಥ:

ಟೈರಿನ ತಾರೀಖು ನೋಡಿದ್ದೀರಾ? ಟೈರಿನ ಪಕ್ಕದಲ್ಲಿ ಒಂದು ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತೆ. 3223 ಅಂತಿದ್ದರೆ 2023ರ 32ನೇ ವಾರ ತಯಾರಾಗಿದ್ದು. ಟೈರಿನ ಹೊರಮೈಯಲ್ಲಿ ಸಿಗದಿದ್ದರೆ ಒಳಮೈಯಲ್ಲಿರುತ್ತೆ, ಬಗ್ಗಿ ನೋಡಬೇಕು.

ಯಾಕೆ ಕೇಳಿದೆ ಅಂದರೆ, ನನ್ನ ಗಾಡಿ ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗಿತ್ತು. ಬ್ಯಾಲೆನ್ಸಿಂಗ್ ಮಶೀನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ ತೂಕ ಎಲ್ಲಿ ಜಾಸ್ತಿ ಅಂತ ಮಾತ್ರ ಹೇಳುತ್ತೆ. ಟೈರು ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಪರದೆ ಮೇಲೆ ಎರಡೂ ಕಡೆ ಸೊನ್ನೆ, ರಸ್ತೆ ಮೇಲೆ ದಡದಡ. ಟೈರಿಗೆ ರೋಲರ್ ಒತ್ತಿ ನೋಡುವ ಬೇರೆ ಮಶೀನ್ ಇದೆ, ರೋಡ್ ಫೋರ್ಸ್ ಅನ್ನುತ್ತಾರೆ. ಅದರಲ್ಲಿ ಹಾಕಿದಾಗ ಸಿಕ್ಕಿಬಿತ್ತು.

ಕಿಟಕಿ ಸೀಟು:

ಸಣ್ಣ ವಿಷಯ ಸೇರಿಸುತ್ತೇನೆ. ಫ್ಯಾಕ್ಟರಿಯಿಂದ ಸಾಗಿಸುವಾಗ ಟೈರಿಗೆ ಗಾಳಿ ಜಾಸ್ತಿ ತುಂಬಿ ಕಳಿಸುವುದುಂಟು. ಕೈಗೆ ಕೊಡುವ ಮೊದಲು ಇಳಿಸಬೇಕು. ಮರೆತರೆ ಗಾಡಿ ಎತ್ತಿನಗಾಡಿ ಥರ ಕುಲುಕುತ್ತೆ. ಕೆಲವು ಗಾಡಿಗಳಲ್ಲಿ ಸ್ಪ್ರಿಂಗ್ ನಡುವೆ ಸಾಗಾಣಿಕೆಗೆ ಅಂತ ಬ್ಲಾಕ್ ಇಟ್ಟಿರುತ್ತಾರೆ. ನನ್ನ ತಮ್ಮನ ಗಾಡಿಯಲ್ಲಿ ಅದನ್ನು ತೆಗೆಯದೇ ಕೊಟ್ಟಿದ್ದರು. ಎರಡು ತಿಂಗಳು "ಸಸ್ಪೆನ್ಷನ್ ಗಟ್ಟಿ, ಸ್ಪೋರ್ಟಿ ಇದೆ" ಅಂತ ಅವನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದ.

ಹೊಸಗಾಡಿ ಹಳೇತಲೆ:

ಇವತ್ತು ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಿಕೊಂಡು ಬಂದೆ.

ಗ್ರೀಸ್ ಕೈ ಅವರೇ, ನಡುಕ ಸ್ಟೀರಿಂಗ್‌ನಲ್ಲಿ ಬಹಳ ಕಡಿಮೆ. ಸೀಟು ಮತ್ತು ಕಾಲಡಿಯ ನೆಲದಲ್ಲಿ ಜಾಸ್ತಿ. ಮೇಲೆ ಕೆಳಗೆ ಅಲ್ಲ, ಎಡಕ್ಕೆ ಬಲಕ್ಕೆ ಅಲುಗಿದ ಹಾಗೆ. ನಿಂತ ಗಾಡಿಯಲ್ಲಿ ರೇಸ್ ಕೊಟ್ಟರೆ ಏನೂ ಇಲ್ಲ.

ಎರಡನೇ ಪ್ರಶ್ನೆಗೆ ಉತ್ತರ ಹೇಳಲು ನನಗೇ ನಾಚಿಕೆ. ಕಾಲು ತೆಗೆದ ತಕ್ಷಣ ನಡುಕ ಮಾಯ! ಕ್ಲಚ್ ಒತ್ತಿದರೂ ಇಲ್ಲ. ಮತ್ತೆ ಒತ್ತಿದರೆ ಹಾಜರ್. ಐದು ತಿಂಗಳಲ್ಲಿ ಒಂದು ದಿನವೂ ಇದನ್ನು ಗಮನಿಸಿರಲಿಲ್ಲ.

ಟೈರಿನ ತಾರೀಖು ನಾಲ್ಕಕ್ಕೂ ಒಂದೇ ವಾರದ್ದು, ಗಾಡಿ ತಯಾರಾಗುವ ಐದು ವಾರ ಮೊದಲಿನದು.

ಗ್ರೀಸ್ ಕೈ:

ನಾಚಿಕೆ ಬೇಡ. ಅವರು ಮೂರು ಸಲ ಕೇಳಲಿಲ್ಲವಲ್ಲ, ನಾಚಿಕೆ ಅವರಿಗಿರಲಿ.

ಈಗ ನೋಡಿ. ಚಕ್ರದ ತೂಕದ ತೊಂದರೆ ಆಗಿದ್ದರೆ, ಟೈರು ಚಪ್ಪಟೆ ಆಗಿದ್ದರೆ, ಕಾಲು ತೆಗೆದರೂ ಚಕ್ರ ಅದೇ ವೇಗದಲ್ಲಿ ತಿರುಗುತ್ತಲೇ ಇರುತ್ತೆ. ನಡುಕವೂ ಇರಬೇಕು. ಹೋಯಿತು ಅಂದರೆ ಇದು ಎಳೆತ ಬಿದ್ದಾಗ ಮಾತ್ರ ಬರುವಂಥದ್ದು. ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ರಬ್ಬರ್ ಆಧಾರ) ಇರಬಹುದು, ಡ್ರೈವ್ ಶಾಫ್ಟ್ (ಗೇರ್ ಬಾಕ್ಸಿನಿಂದ ಚಕ್ರ ತಿರುಗಿಸುವ ದಂಡ) ಇರಬಹುದು. ಬ್ಯಾಲೆನ್ಸಿಂಗ್ ಹತ್ತು ಸಲ ಮಾಡಿಸಿದರೂ ಹೋಗುವುದಿಲ್ಲ.

ನನ್ನ ಅನುಮಾನ ಡ್ರೈವ್ ಶಾಫ್ಟಿನ ಒಳತುದಿಯ ಜಾಯಿಂಟ್ ಮೇಲೆ. ಗೇರ್ ಬಾಕ್ಸ್ ಕಡೆ ಇರುತ್ತಲ್ಲ, ಅದು. ತುಂಬಾ ಗಾಡಿಗಳಲ್ಲಿ ಇದು ಟ್ರೈಪಾಡ್ ಥರದ್ದು. ಮೂರು ಕೈ, ಒಂದೊಂದು ಕೈಗೆ ಒಂದು ರೋಲರ್. ಹೊರಗೆ ಒಂದು ಬಟ್ಟಲು, ಅದರಲ್ಲಿ ರೋಲರ್ ಜಾರುವ ಮೂರು ಉದ್ದ ಹಳ್ಳ. ಶಾಫ್ಟ್ ಸೊಟ್ಟವಾಗಿ ಕೂತು ಭಾರ ಎಳೆಯುವಾಗ ಪ್ರತಿ ರೋಲರ್ ಹಿಂದೆ ಮುಂದೆ ಜಾರುತ್ತೆ. ಸಲೀಸಾಗಿ ಜಾರದಿದ್ದರೆ ಶಾಫ್ಟನ್ನು ಪಕ್ಕಕ್ಕೆ ತಳ್ಳುತ್ತೆ. ಒಂದು ಸುತ್ತಿಗೆ ಮೂರು ತಳ್ಳು. ನೀವು ಎಡಕ್ಕೆ ಬಲಕ್ಕೆ ಅಂದಿರಲ್ಲ, ಅದನ್ನು ಓದಿ ಅನುಮಾನ ಇನ್ನೂ ಗಟ್ಟಿಯಾಯಿತು.

ಮೂರನೇ ಗೇರ್:

ಇಲ್ಲೇ ಕೂತು ಜಾಯಿಂಟ್ ಹೋಗಿದೆ ಅಂತ ಹೇಳುವುದು ಸುಲಭ ಸರ್. ಎಂಜಿನ್ ಮೌಂಟ್ ಯಾಕಲ್ಲ? ಹೊಸ ಗಾಡಿಯಲ್ಲಿ ಮೌಂಟಿನ ಬೋಲ್ಟ್ ಸರಿಯಾಗಿ ಕೂರದೇ ರಬ್ಬರ್ ಎಳೆದುಕೊಂಡು ನಿಂತಿರುವುದನ್ನು ನಾನೇ ನೋಡಿದ್ದೇನೆ. ಅದೂ ಎಳೆತ ಬಿದ್ದಾಗಲೇ ಬರುತ್ತೆ.

ಗ್ರೀಸ್ ಕೈ:

ನೀವು ಹೇಳಿದ್ದು ಸರಿ, ಅದಕ್ಕೇ ಅನುಮಾನ ಅಂದೆ. ಬೇರೆ ಮಾಡಿ ನೋಡಲು ದಾರಿ ಇದೆ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಸೆಕೆಂಡಿಗೆ ಎಷ್ಟು ಸಲ ಅಲುಗುತ್ತಿದೆ ಅಂತ ಗ್ರಾಫ್ ಬರುತ್ತೆ, ಹರ್ಟ್ಸ್‌ನಲ್ಲಿ. ಫೋನನ್ನು ಸೀಟಿನ ಹಳಿಯ ಪಕ್ಕ ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಸ್ಟ್ಯಾಂಡಿನಲ್ಲಿ ಇಡಬೇಡಿ, ಆಗ ಸ್ಟ್ಯಾಂಡಿನ ನಡುಕ ಅಳೆದಂತಾಗುತ್ತೆ. ಪಕ್ಕದಲ್ಲಿ ಇನ್ನೊಬ್ಬರು ಕೂತು ಫೋನ್ ನೋಡಿಕೊಳ್ಳಲಿ, ನೀವು ರಸ್ತೆ ನೋಡಿ.

ಲೆಕ್ಕ ಸುಲಭ. ನಿಮ್ಮ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತೆ ಅಂದುಕೊಳ್ಳಿ. ಗಂಟೆಗೆ 90 ಅಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಸುತ್ತು. ಗ್ರಾಫಿನಲ್ಲಿ ದಿಬ್ಬ 12, 13ರ ಹತ್ತಿರ ಬಂದರೆ ಚಕ್ರ, ಟೈರು, ಹಬ್. ಅದರ ಮೂರರಷ್ಟು, 37, 38ಕ್ಕೆ ಬಂದರೆ ಟ್ರೈಪಾಡ್.

ಮೂರನೇ ಗೇರ್:

ಫೋನು ಆಟದ ಸಾಮಾನು. ಅದರ ಸೆನ್ಸರ್ ಸೆಕೆಂಡಿಗೆ 100 ಸಲ ಅಳೆದರೆ 50 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು. ಮೇಲಿನದು ಸುಳ್ಳು ಜಾಗದಲ್ಲಿ ಕಾಣಿಸಿಕೊಳ್ಳುತ್ತೆ. 76 ಇದ್ದದ್ದು 24 ಅಂತ ತೋರಿಸಬಹುದು.

ಗ್ರೀಸ್ ಕೈ:

ಒಪ್ಪಿದೆ. ನಮಗೆ ಬೇಕಾದ್ದು 50ರ ಒಳಗೇ ಇದೆ.

ಹಳೇ ಬ್ಯಾಟರಿ:

ಮಧ್ಯೆ ಬಾಯಿ ಹಾಕುತ್ತೇನೆ, ನನ್ನದು ಬೇರೆ ಥರ. ಹೊಸ ಗಾಡಿ, ಮೂರು ದಿನ ನಿಂತರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸರ್ವಿಸ್ ಸೆಂಟರಿನವರು ಎರಡು ಸಲ ಬ್ಯಾಟರಿ ಬದಲಿಸಿದರು. ಗಾಡಿ ಬೀಗ ಹಾಕಿದ ಮೇಲೆ ಕರೆಂಟು ಸುಮಾರು 50 ಮಿಲಿ ಆಂಪಿಯರ್‌ಗಿಂತ ಕೆಳಗೆ ಇಳಿಯಬೇಕು. ನನ್ನದರಲ್ಲಿ 500 ತಿನ್ನುತ್ತಿತ್ತು. ದಿನಕ್ಕೆ 12 ಆಂಪಿಯರ್ ಗಂಟೆ. 45ರ ಬ್ಯಾಟರಿ ಎಷ್ಟು ದಿನ ತಡೆಯುತ್ತೆ? ಕೊನೆಗೆ ಕಳ್ಳ ಸಿಕ್ಕಿದ್ದು ನಾನೇ ಹೊರಗಡೆ ಹಾಕಿಸಿದ ಡ್ಯಾಶ್ ಕ್ಯಾಮೆರಾ. ಕೀ ತೆಗೆದ ಮೇಲೂ ಆಫ್ ಆಗದ ವೈರಿಗೆ ಜೋಡಿಸಿದ್ದರು.

ಆದ್ದರಿಂದ ಕಂಪನಿಗೆ ಬೈಯುವ ಮೊದಲು ನಾವೇನು ಹಾಕಿಸಿದ್ದೇವೆ ಅಂತ ಒಂದು ಸಲ ನೋಡಿಕೊಳ್ಳಿ. ಸೀಟ್ ಕವರ್, ದಪ್ಪ ಮ್ಯಾಟ್, ಬೇರೆ ಅಲಾಯ್ ಚಕ್ರ. ಅಲಾಯ್ ಹಾಕಿಸಿದ್ದೀರಾ ಹೊಸಗಾಡಿ ಅವರೇ?

ಹೊಸಗಾಡಿ ಹಳೇತಲೆ:

ಇಲ್ಲ ಸರ್. ಮ್ಯಾಟ್ ಬಿಟ್ಟರೆ ಬೇರೇನೂ ಹಾಕಿಸಿಲ್ಲ.

ಜಾಬ್ ಕಾರ್ಡ್:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಒಂದು ಕಾಲದಲ್ಲಿ ಕೌಂಟರಿನ ಆ ಕಡೆ ಕೂತವನು, ಸರ್ವಿಸ್ ಅಡ್ವೈಸರ್. ಈಗ ಆ ಕೆಲಸ ಬಿಟ್ಟಿದ್ದೇನೆ. ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ.

ವಾರಂಟಿ ಕೆಲಸಕ್ಕೆ ತಯಾರಕರು ವರ್ಕ್‌ಶಾಪಿಗೆ ಇಂತಿಷ್ಟು ಹೊತ್ತು ಅಂತ ಗೊತ್ತು ಮಾಡಿ ಅಷ್ಟಕ್ಕೇ ಹಣ ಕೊಡುತ್ತಾರೆ. ಬ್ಯಾಲೆನ್ಸಿಂಗ್‌ಗೆ ಒಂದು ಲೆಕ್ಕ, ಜಾಯಿಂಟ್ ಬದಲಿಸಲು ಒಂದು ಲೆಕ್ಕ. ಏನಾಗಿದೆ ಅಂತ ಹುಡುಕಲು ಎರಡು ಗಂಟೆ ರಸ್ತೆ ಸುತ್ತಿದರೆ ಅದಕ್ಕೆ ಲೆಕ್ಕವೇ ಇಲ್ಲ, ಇದ್ದರೂ ಬಹಳ ಕಡಿಮೆ. ಹುಡುಗರು ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು. ಹಾಗಾಗಿ "ಗಾಡಿ ನಡುಗುತ್ತೆ" ಅಂತ ಬಂದ ಗಾಡಿಗೆ ಎಲ್ಲರೂ ಮೊದಲು ಮಾಡುವುದು ಬ್ಯಾಲೆನ್ಸಿಂಗ್. ಅದು ಮೋಸ ಅಲ್ಲ. ಸಾಮಾನ್ಯವಾಗಿ ಅದೇ ಆಗಿರುತ್ತೆ, ಗಾಡಿ ಹೊರಗೆ ಹೋಗುತ್ತೆ.

ಎರಡನೇ ವಿಷಯ, ಟ್ರಯಲ್. ವರ್ಕ್‌ಶಾಪ್ ಸುತ್ತಮುತ್ತ 50ರ ಮೇಲೆ ಹೋಗಲು ಜಾಗ ಇರುವುದಿಲ್ಲ. ನಿಮ್ಮ ತೊಂದರೆ ಶುರುವಾಗುವುದೇ 85ಕ್ಕೆ. ಹುಡುಗ ಒಂದು ರೌಂಡ್ ಹಾಕಿ ಬಂದು "ಏನಿಲ್ಲ ಸರ್" ಅಂತಾನೆ. ಅವನು ಸುಳ್ಳು ಹೇಳುತ್ತಿಲ್ಲ. 50ರಲ್ಲಿ ನಿಜವಾಗಿ ಏನೂ ಇಲ್ಲ.

ಮೂರನೆಯದು ಜಾಬ್ ಕಾರ್ಡು. ಇದನ್ನು ಕಿವಿ ಕೊಟ್ಟು ಕೇಳಿ. ನೀವು ಕೌಂಟರಿನಲ್ಲಿ ಹತ್ತು ನಿಮಿಷ ಹೇಳಿದ್ದನ್ನು ಅಡ್ವೈಸರ್ "ವೈಬ್ರೇಷನ್ ಚೆಕ್" ಅಂತ ಎರಡು ಪದದಲ್ಲಿ ಬರೆಯುತ್ತಾನೆ. ನಾನೂ ಹಾಗೇ ಬರೆಯುತ್ತಿದ್ದೆ. ಕೆಲಸ ಮಾಡುವ ಹುಡುಗನ ಕೈಗೆ ಸಿಗುವುದು ಆ ಎರಡು ಪದ ಮಾತ್ರ. ನೀವೇ ಒಂದು ಚೀಟಿಯಲ್ಲಿ ಬರೆದು ತನ್ನಿ: ಸಮತಟ್ಟು ರಸ್ತೆ, ಐದನೇ ಗೇರ್, 85ರಿಂದ 100, ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಕಾಲು ತೆಗೆದರೆ ಇಲ್ಲ, ಸೀಟಿನಲ್ಲಿ ಎಡಬಲ. "ಇದನ್ನು ಹೀಗೇ ಟೈಪ್ ಮಾಡಿ" ಅನ್ನಿ. ಟೈಪ್ ಆಗಿದ್ದನ್ನು ಓದಿ ಆಮೇಲೆ ಸಹಿ ಹಾಕಿ. ಕೀ ಕೊಡುವ ಮೊದಲು ಫ್ಲೋರ್ ಮ್ಯಾನೇಜರ್ ಜೊತೆ ಒಂದು ಟ್ರಯಲ್ ಕೇಳಿ. ನೀವು ಓಡಿಸಿ, ಅವರು ಪಕ್ಕದಲ್ಲಿ ಕೂರಲಿ. ಇದಕ್ಕೆ ಬೆಳಿಗ್ಗೆ ಎಂಟೂವರೆಗೆ ಹೋಗಬೇಡಿ, ಆ ಹೊತ್ತಿನಲ್ಲಿ ಅಲ್ಲಿ ಜಾತ್ರೆ. ಮಧ್ಯಾಹ್ನ ಮೂರು ಗಂಟೆ ಒಳ್ಳೆಯ ಹೊತ್ತು.

"ಈ ಮಾಡೆಲ್ಲೇ ಹೀಗೆ" ಅಂದರೆ ಜಗಳ ಬೇಡ. "ಸರಿ, ನಿಮ್ಮ ಡೆಮೊ ಗಾಡಿ ಕೊಡಿ, ಅದೇ ರಸ್ತೆಯಲ್ಲಿ ನೋಡೋಣ" ಅನ್ನಿ. ಅದರಲ್ಲೂ ಬಂದರೆ ನಿಜವಾಗಿ ಮಾಡೆಲ್ಲೇ ಹಾಗೆ. ಬರದಿದ್ದರೆ ಅವರ ಮಾತು ಅಲ್ಲಿಗೇ ಮುಗಿಯಿತು.

ಕಿಟಕಿ ಸೀಟು:

ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬಂದು ಹೋಗುವ ತೊಂದರೆಗೂ ಇದೇನಾ ಸರ್? ನನ್ನದರಲ್ಲಿ ಎಂಜಿನ್ ಲೈಟ್ ಬರುತ್ತೆ, ಸರ್ವಿಸ್ ಸೆಂಟರ್ ಗೇಟ್ ನೋಡಿದ ತಕ್ಷಣ ಹೋಗುತ್ತೆ. ಗಾಡಿಗೂ ಡಾಕ್ಟರ್ ಭಯ.

ಜಾಬ್ ಕಾರ್ಡ್:

ಲೈಟ್ ಬಂದಿದ್ದರೆ ನಿಮ್ಮ ಕೆಲಸ ಇನ್ನೂ ಸುಲಭ. ದೋಷದ ಕೋಡ್ ಜೊತೆಗೆ ಗಾಡಿಯ ಕಂಪ್ಯೂಟರು ಆ ಕ್ಷಣದ ಒಂದು ಚಿತ್ರ ಹಿಡಿದಿಟ್ಟಿರುತ್ತೆ, ಫ್ರೀಜ್ ಫ್ರೇಮ್ ಅನ್ನುತ್ತಾರೆ. ಎಷ್ಟು ವೇಗ, ಎಷ್ಟು ಆರ್‌ಪಿಎಂ, ಕೂಲಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಎಷ್ಟು ಭಾರ ಎಲ್ಲ ಅದರಲ್ಲಿರುತ್ತೆ. ಲೈಟ್ ಆರಿದ ಮೇಲೂ ಸ್ವಲ್ಪ ಕಾಲ ಉಳಿದಿರುತ್ತೆ. ಆದರೆ ಯಾರೋ ಹೇಳಿದರು ಅಂತ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಬೇಡಿ, ಇರುವ ಸಾಕ್ಷಿಯನ್ನು ನೀವೇ ಅಳಿಸಿದ ಹಾಗಾಗುತ್ತೆ. ಕೋಡ್ ಅಳಿಸುವ ಮೊದಲು ಪ್ರಿಂಟ್ ತೆಗೆದು ಜಾಬ್ ಕಾರ್ಡಿಗೆ ಲಗತ್ತಿಸಲು ಹೇಳಿ.

ಲೈಟ್ ಮಿಟುಕಿಸುತ್ತಿದ್ದರೆ ಮಾತ್ರ ಕಾಯಬೇಡಿ. ಪೆಟ್ರೋಲ್ ಗಾಡಿಯಲ್ಲಿ ಅದು ಸಾಮಾನ್ಯವಾಗಿ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಸುಡದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕರಗಿಸಿಬಿಡಬಹುದು.

ಸ್ಟೆಪ್ನಿ:

ನಂದೂ ಒಂದು ಕಥೆ. ಎಂಟು ತಿಂಗಳು ತಲೆ ಮೇಲೆ ಕಟಕಟ ಸದ್ದು. ರೂಫ್ ಬಿಚ್ಚಿಸಿದೆ. ಬಾಗಿಲಿನ ರಬ್ಬರ್ ಬದಲಿಸಿದರು. ಸರ್ವಿಸ್ ಸೆಂಟರ್ ಹುಡುಗರಿಗೆ ನನ್ನ ಗಾಡಿ ನಂಬರ್ ಬಾಯಿಪಾಠ. ಕೊನೆಗೆ ಮಗಳು ಕನ್ನಡಕ ಇಡುವ ಗೂಡು ತೆಗೆದಳು, ಒಳಗೆ ನನ್ನದೇ ಹಳೇ ಕನ್ನಡಕ. ಯಾರಿಗೂ ಹೇಳಬೇಡ ಅಂದಿದ್ದೆ. ಈಗ ನಾನೇ ಹೇಳಿಬಿಟ್ಟೆ.

ಕಪ್ಪು ಕೋಟು:

ಕಾನೂನಿನ ಕಡೆಯಿಂದ ನಾಲ್ಕು ಮಾತು.

ಅಮೆರಿಕದಲ್ಲಿ ಇಂಥ ಗಾಡಿಗೆ ಲೆಮನ್ ಅನ್ನುತ್ತಾರೆ. ಹೊಸ ಗಾಡಿಗೆ ಅಂತಲೇ ಲೆಮನ್ ಕಾನೂನು 1982ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಬಂತು, ಆಮೇಲೆ ಉಳಿದ ರಾಜ್ಯಗಳೂ ತಂದವು. ಬ್ರಿಟನ್ನಿನಲ್ಲಿ 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಪ್ರಕಾರ ದೋಷ ಇದ್ದರೆ ಮೊದಲ 30 ದಿನದಲ್ಲಿ ಗಾಡಿ ವಾಪಸ್ ಕೊಡಬಹುದು. ಆ ಗಡುವು ದಾಟಿದರೆ ಮಾರಿದವರಿಗೆ ರಿಪೇರಿಗೆ ಒಂದು ಅವಕಾಶ ಕೊಡಬೇಕು, ಅದರಲ್ಲೂ ಸರಿಹೋಗದಿದ್ದರೆ ಮತ್ತೆ ವಾಪಸ್ ಕೇಳಬಹುದು. ಭಾರತದಲ್ಲಿ ಗಾಡಿಗೇ ಅಂತ ಪ್ರತ್ಯೇಕ ಕಾನೂನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ತಯಾರಕರ ಹೊಣೆಯ ಬಗ್ಗೆ ಬೇರೆ ಅಧ್ಯಾಯ ಇದೆ.

ಎಲ್ಲಿ ಹೋದರೂ ಕೇಳುವ ಪ್ರಶ್ನೆ ಒಂದೇ: ಅದೇ ದೋಷಕ್ಕೆ ಎಷ್ಟು ಸಲ ಗಾಡಿ ಬಿಟ್ಟಿರಿ, ಎಷ್ಟು ದಿನ ಗಾಡಿ ಅಲ್ಲಿತ್ತು? ನಿಮ್ಮ ಮೂರು ಜಾಬ್ ಕಾರ್ಡಿನಲ್ಲಿ ದೂರು ಏನಂತ ಬರೆದಿದೆ, ನೋಡಿ ಹೇಳಿ.

ಹೊಸಗಾಡಿ ಹಳೇತಲೆ:

ಈಗ ತೆಗೆದು ನೋಡಿದೆ. ಮೊದಲನೆಯದು "ವೀಲ್ ಬ್ಯಾಲೆನ್ಸಿಂಗ್". ಎರಡನೆಯದು "ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್". ಮೂರನೆಯದರಲ್ಲಿ ಮಾತ್ರ "ಜನರಲ್ ಚೆಕ್, ವೈಬ್ರೇಷನ್".

ಕಪ್ಪು ಕೋಟು:

ನೋಡಿದಿರಾ? ನೀವು ದೂರು ಕೊಟ್ಟಿದ್ದು ಮೂರು ಸಲ. ಕಾಗದದ ಪ್ರಕಾರ ನೀವು ಎರಡು ಸಲ ನಿಮ್ಮ ಇಷ್ಟಕ್ಕೆ ಬ್ಯಾಲೆನ್ಸಿಂಗ್ ಮಾಡಿಸಿಕೊಂಡು ಹೋದಿರಿ, ದೂರು ಒಂದೇ ಸಲ. ಇವತ್ತೇ ಮೇಲ್ ಹಾಕಿ. ಮೂರೂ ಭೇಟಿಯ ತಾರೀಖು, ಅವತ್ತಿನ ಕಿಲೋಮೀಟರ್, ಮೂರೂ ಸಲ ಹೇಳಿದ ದೂರು ಇದೇ ಅಂತ. ಕೋಪ, ಬೆದರಿಕೆ ಬೇಡ. ಕೋರ್ಟಿನ ಹೆಸರೂ ಬೇಡ ಈಗಲೇ. ಒಂದು ಪ್ರತಿ ತಯಾರಕರ ಗ್ರಾಹಕ ವಿಭಾಗಕ್ಕೂ ಹೋಗಲಿ.

ನಿಧಾನಸ್ಥ:

ಹೊರಗಿನ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ನೋಡಬಹುದಲ್ವಾ?

ಗ್ರೀಸ್ ಕೈ:

ನಾನೇ ಹೊರಗಿನ ಮೆಕ್ಯಾನಿಕ್, ಆದರೂ ಬೇಡ ಅನ್ನುತ್ತೇನೆ. ವಾರಂಟಿಯಲ್ಲಿರುವ ಗಾಡಿಯ ಶಾಫ್ಟ್ ನಾನು ಎಳೆದರೆ ನಾಳೆ ಅವರು ಕೈ ತೋರಿಸುವುದು ನನ್ನ ಕಡೆಗೇ. ಲಿಫ್ಟ್ ಮೇಲೆ ಎತ್ತಿ ಕಣ್ಣಲ್ಲಿ ನೋಡಿ, ಜೊತೆಗೆ ಕೂತು ಓಡಿಸಿ, ಬರೆದು ಕೊಡುವವರೆಗೆ ಸರಿ. ಸ್ಪ್ಯಾನರ್ ಮುಟ್ಟಬಾರದು.

ಹೊಸಗಾಡಿ ಹಳೇತಲೆ:

ಆ್ಯಪ್ ಹಾಕಿ ನೋಡಿದೆ. ನೆಲಕ್ಕೆ ಫೋನ್ ಅಂಟಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. 90ರಲ್ಲಿ, ಐದನೇ ಗೇರ್, ದಿಬ್ಬ ನೆಟ್ಟಗೆ 38ಕ್ಕೆ. 12, 13ರ ಹತ್ತಿರ ಬಹುತೇಕ ಸಪಾಟು.

ಮೂರನೇ ಗೇರ್:

ತಡೆಯಿರಿ. ಆಗ ಆರ್‌ಪಿಎಂ ಎಷ್ಟಿತ್ತು?

ಹೊಸಗಾಡಿ ಹಳೇತಲೆ:

2,300 ಹತ್ತಿರ.

ಮೂರನೇ ಗೇರ್:

ಗೊತ್ತಿತ್ತು! 2,300ನ್ನು 60ರಿಂದ ಭಾಗಿಸಿ. 38. ನಿಮ್ಮ ಎಂಜಿನ್ನೇ ಸೆಕೆಂಡಿಗೆ 38 ಸುತ್ತು ತಿರುಗುತ್ತಿದೆ. ಫ್ಲೈವೀಲ್ ಆಗಿರಬಹುದು, ಕ್ಲಚ್ ಆಗಿರಬಹುದು. ಟ್ರೈಪಾಡ್ ಅಂತ ಹೇಗೆ ಹೇಳುತ್ತೀರಿ?

ಗ್ರೀಸ್ ಕೈ:

ಒಳ್ಳೆ ಹಿಡಿದಿರಿ. ನಾನು ಆರ್‌ಪಿಎಂ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದೇ.

ಹೊಸಗಾಡಿ ಅವರೇ, ಇನ್ನೊಂದೇ ಸಲ ಹೋಗಿ ಬನ್ನಿ. ಅದೇ ರಸ್ತೆ, ಅದೇ 90, ಆದರೆ ನಾಲ್ಕನೇ ಗೇರಿನಲ್ಲಿ. ಎಂಜಿನ್ ಜಾಸ್ತಿ ತಿರುಗುತ್ತೆ, ಚಕ್ರ ಮತ್ತು ಶಾಫ್ಟ್ ಅಷ್ಟೇ ತಿರುಗುತ್ತವೆ. ದಿಬ್ಬ ಮೇಲಕ್ಕೆ ಓಡಿದರೆ ಎಂಜಿನ್ ಕಡೆಯದು, ಇವರು ಗೆದ್ದರು. 38ರಲ್ಲೇ ಕೂತರೆ ಶಾಫ್ಟು.

ಸ್ಟೆಪ್ನಿ:

ನಾನು 38ಕ್ಕೇ ಕೂರುತ್ತೆ ಅಂತ ಬಾಜಿ ಕಟ್ಟುತ್ತೇನೆ. ಕಾರಣ ಏನಿಲ್ಲ.

ಹೊಸಗಾಡಿ ಹಳೇತಲೆ:

ನಾಲ್ಕನೇ ಗೇರ್, 90, ಆರ್‌ಪಿಎಂ 2,900 ಚಿಲ್ಲರೆ. ದಿಬ್ಬ 38. ಅಲ್ಲಾಡಲಿಲ್ಲ. ಮಗ ಮೂರು ಸಲ ಅಳೆದ. ಕಾಲು ತೆಗೆದರೆ ದಿಬ್ಬ ಕರಗುತ್ತೆ, ಒತ್ತಿದರೆ ಏಳುತ್ತೆ. ಮೂರರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಮೂರನೇ ಗೇರ್:

ಸರಿ. ಶಾಫ್ಟು. ಫೋನಿಗೆ ಆಟದ ಸಾಮಾನು ಅಂದಿದ್ದು ವಾಪಸ್ ತಗೊಂಡೆ, ಅರ್ಧ.

ದೂರದ ಊರು:

ಆಟೋಮ್ಯಾಟಿಕ್ ಗಾಡಿಗೂ ಈ ಪರೀಕ್ಷೆ ನಡೆಯುತ್ತಾ? ನನ್ನದರಲ್ಲೂ 60, 70ರಲ್ಲಿ ಲಘುವಾಗಿ ಒತ್ತಿದಾಗ ಬಿಟ್ಟುಬಿಟ್ಟು ಜುಮ್ ಅನ್ನುತ್ತೆ.

ಗ್ರೀಸ್ ಕೈ:

ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಬಲ ದಾಟಿಸುವ ಭಾಗ) ಇರುವ ಗಾಡಿಯಾದರೆ ಮೊದಲು ಒಂದು ನೋಡಿ. ಆಕ್ಸಿಲರೇಟರ್ ಅಲ್ಲಾಡಿಸದೇ ಎಡಗಾಲಿನಲ್ಲಿ ಬ್ರೇಕನ್ನು ಹಗುರವಾಗಿ ಮುಟ್ಟಿ, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ. ಹಿಂದೆ ಯಾವ ಗಾಡಿಯೂ ಇರಬಾರದು. ಆಗ ಬಹಳ ಗಾಡಿಗಳಲ್ಲಿ ಕನ್ವರ್ಟರಿನ ಲಾಕ್ ಬಿಡುತ್ತೆ. ಜುಮ್ ಅನ್ನುವುದು ಆ ಕ್ಷಣ ನಿಂತರೆ ತೊಂದರೆ ಅಲ್ಲೇ ಇದೆ. ಎಷ್ಟೋ ಸಲ ಗೇರ್ ಆಯಿಲ್ ಬದಲಿಸಿದರೆ ಸರಿಹೋಗುತ್ತೆ. ಬೇಕಿದ್ದರೆ ಬೇರೆಯಾಗಿ ಬರೆಯಿರಿ, ಇಲ್ಲಿ ಕಲಸುವುದು ಬೇಡ.

ಹೊಸಗಾಡಿ ಹಳೇತಲೆ:

ಹನ್ನೊಂದು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ನಡೆದಿದ್ದು ಹೇಳುತ್ತೇನೆ.

ಮೇಲ್ ಹಾಕಿದ ಮೂರನೇ ದಿನ ಫೋನ್ ಬಂತು. ಮಧ್ಯಾಹ್ನ ಮೂರಕ್ಕೇ ಹೋದೆ. ಚೀಟಿ ಕೊಟ್ಟೆ. ಅಡ್ವೈಸರ್ ಹುಡುಗ ಓದಿ, "ಸರ್, ಇಷ್ಟುದ್ದ ಇದರಲ್ಲಿ ಹಿಡಿಯಲ್ಲ" ಅಂದ. ಎರಡು ಸಾಲಾಗಿ ಹಾಕಿ ಅಂದೆ. ಹಿಡಿಯಿತು.

ಫ್ಲೋರ್ ಮ್ಯಾನೇಜರ್ ಜೊತೆಗೆ ಬಂದರು. ಮೊದಮೊದಲು ಸುಮ್ಮನೆ ಹೊರಗೆ ನೋಡುತ್ತಾ ಕೂತಿದ್ದರು. 90ಕ್ಕೆ ಬಂದಾಗ ನಾನೇನೂ ಹೇಳಲಿಲ್ಲ. ಕಾಲು ತೆಗೆದೆ, ಒತ್ತಿದೆ, ತೆಗೆದೆ, ಒತ್ತಿದೆ. ನಾಲ್ಕನೇ ಸಲಕ್ಕೆ ಅವರೇ ಬಗ್ಗಿ ಅಂಗೈಯನ್ನು ನೆಲಕ್ಕೆ ಇಟ್ಟರು. "ಹಾಂ, ಇದೆ" ಅಂದರು. ಐದು ತಿಂಗಳಲ್ಲಿ ಆ ಕಡೆಯವರ ಬಾಯಲ್ಲಿ ಈ ಮಾತು ಕೇಳಿದ್ದು ಅವತ್ತೇ. ಡೆಮೊ ಗಾಡಿ ಕೇಳುವ ಅಗತ್ಯವೇ ಬರಲಿಲ್ಲ.

ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿದಾಗ ಹೊರಗಿನಿಂದ ಏನೂ ಕಾಣಲಿಲ್ಲ. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿಲ್ಲ, ಗ್ರೀಸ್ ಚೆಲ್ಲಿಲ್ಲ. ಪಾರ್ಟ್ ತರಿಸಲು ಆರು ದಿನ. ಬಲಗಡೆಯ ಶಾಫ್ಟ್ ಪೂರ್ತಿ ಬದಲಿಸಿದರು. ಹಳೆಯದನ್ನು ತೋರಿಸಿ ಅಂತ ಮೊದಲೇ ಹೇಳಿದ್ದೆ. ಹುಡುಗ ಬೂಟ್ ಹಿಂದೆ ಸರಿಸಿ ಗ್ರೀಸ್ ಒರೆಸಿ ನನ್ನ ಕೈಗೇ ಕೊಟ್ಟ. ಎರಡು ರೋಲರ್ ಬೆರಳಿನಲ್ಲಿ ತಳ್ಳಿದರೆ ಎಣ್ಣೆ ಹಾಕಿದ ಹಾಗೆ ತಿರುಗಿದವು. ಮೂರನೆಯದು ಸ್ವಲ್ಪ ತಿರುಗಿ ಹಿಡಿದುಕೊಳ್ಳುತ್ತಿತ್ತು, ಮತ್ತೆ ತಳ್ಳಿದರೆ ಕಿರ್ ಅಂತ ಮುಂದೆ. ಹೆಬ್ಬೆರಳಿನಷ್ಟು ದಪ್ಪದ ಸಾಮಾನು.

ಬರುವಾಗ ಮಗ ಮತ್ತೆ ಫೋನ್ ಅಂಟಿಸಿದ. 38ರಲ್ಲಿ ಒಂದು ಸಣ್ಣ ಉಬ್ಬು ಇದೆ, ಮೊದಲಿನ ದಿಬ್ಬದ ಮುಂದೆ ಏನೂ ಅಲ್ಲ. ಸೀಟಿನಲ್ಲಿ ನನಗೆ ಗೊತ್ತಾಗುವುದಿಲ್ಲ. ಹೆಂಡತಿ ಮಾತ್ರ "ಇನ್ನೂ ಒಂಚೂರು ಇದೆ" ಅನ್ನುತ್ತಾಳೆ.

ಗ್ರೀಸ್ ಕೈ:

ಅವರು ಹೇಳಿದ್ದು ನಿಜವೇ ಇರಬಹುದು. ಒಂಚೂರು ಎಲ್ಲ ಗಾಡಿಯಲ್ಲೂ ಇರುತ್ತೆ. ಎಡಗಡೆಯ ಶಾಫ್ಟ್ ಹಳೆಯದೇ ಇದೆಯಲ್ಲ, ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಈಗಿನ ಗ್ರಾಫ್ ತೆಗೆದಿಡಿ. ಉಬ್ಬು ಬೆಳೆದರೆ ಮಾತ್ರ ಹೋಗಿ.

ಜಾಬ್ ಕಾರ್ಡ್:

ಈ ಸಲದ ಕಾರ್ಡಿನಲ್ಲಿ ಕೊನೆಗೆ ಏನು ಬರೆದರು?

ಹೊಸಗಾಡಿ ಹಳೇತಲೆ:

"ಬಲ ಡ್ರೈವ್ ಶಾಫ್ಟ್ ಒಳ ಜಾಯಿಂಟ್ ದೋಷ, ವಾರಂಟಿಯಲ್ಲಿ ಬದಲಾವಣೆ". ಹಳೆಯ ಮೂರು ಕಾರ್ಡಿನ ನಂಬರನ್ನೂ ಕೆಳಗೆ ಹಾಕಿಸಿದೆ.

ಸ್ಟೆಪ್ನಿ:

ಆ ರಿವರ್ಸ್‌ನ "ಟಕ್" ಏನಾಯಿತು?

ಹೊಸಗಾಡಿ ಹಳೇತಲೆ:

ಅದು ಹಾಗೇ ಇದೆ! ಅವತ್ತು ತೋರಿಸಲು ಹೋದರೆ ಗಾಡಿ ಬಿಸಿಯಾಗಿತ್ತು, ಬರಲಿಲ್ಲ. ಸೋಮವಾರ ಸಂಜೆ ಗಾಡಿ ಅಲ್ಲೇ ಬಿಟ್ಟು ಬರುತ್ತೇನೆ. ರಾತ್ರಿಯಿಡೀ ತಣ್ಣಗಾಗಲಿ. ಮಂಗಳವಾರ ಬೆಳಿಗ್ಗೆ ನಾನು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದು ಅಂತ ಚೀಟಿ ಬರೆದು ಸ್ಟೀರಿಂಗ್‌ಗೆ ಅಂಟಿಸುತ್ತೇನೆ. ಆ ಸಾಲನ್ನು ಜಾಬ್ ಕಾರ್ಡಿನಲ್ಲೂ ಹಾಕಿಸುತ್ತೇನೆ, ಎರಡು ಸಾಲಾಗಿ.